ತಟ್ಟೆ ನಡುಗುವ ಹಾಡು

ಭಾನುವಾರ ಬೆಳಿಗ್ಗೆ ಹಾಲು ಕಾಯಿಸಲೆಂದು ಅಮ್ಮ ಅಡುಗೆಮನೆಗೆ ಬಂದಾಗ ಹಾಲಿನ ಪಾತ್ರೆ ಆಗಲೇ ಒಲೆಯ ಮೇಲಿತ್ತು. ನೀರು ಕೊತಕೊತ ಕುದಿಯುತ್ತಿತ್ತು. ಮಗಳು ಬೇಗ ಎದ್ದು ಟೀಗೆ ನೀರಿಟ್ಟಿದ್ದಾಳೆ, ಸೂರ್ಯ ಇವತ್ತು ಯಾವ ಕಡೆ ಹುಟ್ಟಿದ್ದಾನೋ ಎಂದುಕೊಂಡು ಬಗ್ಗಿ ನೋಡಿದರೆ, ಒಳಗೆ ದಪ್ಪ ತಂತಿಗಳು ಸುರುಳಿ ಸುತ್ತಿಕೊಂಡು ಹಾವಿನ ಮರಿಗಳಂತೆ ಹೊರಳುತ್ತಿದ್ದವು.

“ಏನೇ ಇದು?”

“ತಂತಿ. ಮುಟ್ಬೇಡಮ್ಮ, ಸುಡುತ್ತೆ.”

“ತಂತಿ ಅಂತ ನನಗೂ ಕಾಣುತ್ತೆ. ಈ ಕಷಾಯ ಯಾರಿಗೆ ಅಂತ ಕೇಳ್ತಿದ್ದೀನಿ.”

ಮಗಳು ಇಕ್ಕಳದಿಂದ ಒಂದು ತಂತಿ ಎತ್ತಿ ಬೆಳಕಿಗೆ ಹಿಡಿದಳು. “ಕುದಿಸಿದ್ರೆ ಎಣ್ಣೆ, ಬೆವರು, ಕೊಳೆ ಎಲ್ಲ ಬಿಡುತ್ತೆ. ಸತ್ತಿರೋ ತಂತಿಗೆ ಮತ್ತೆ ಧ್ವನಿ ಬರುತ್ತೆ. ಬೇಸ್ ಗಿಟಾರ್ ಇರೋರೆಲ್ಲ ಮಾಡ್ತಾರೆ.”

“ಮಾಡ್ಲಿ. ಅವರವರ ಪಾತ್ರೇಲಿ ಮಾಡ್ಲಿ. ಕಂಡೋರ ಬೆವರು ಕುದಿಸಿದ ಪಾತ್ರೇಲಿ ನಾನು ನಿಮ್ಮಪ್ಪಂಗೆ ಟೀ ಮಾಡ್ಲಾ?”

“ಕಂಡೋರದ್ದಲ್ಲ. ನಂದೇ ಬೆವರು.”

ಅಮ್ಮನಿಗೆ ಸಿಟ್ಟು ನೆತ್ತಿಗೇರಿತು. ಆಸ್ಪತ್ರೆಯ ಅಡುಗೆಮನೆಯಲ್ಲಿ ವಾರವಿಡೀ ಕೊಳಗಗಟ್ಟಲೆ ಬೇಯಿಸುವವಳು ಅವಳು. ಭಾನುವಾರ ಒಂದು ದಿನ ಸ್ವಂತ ಒಲೆಯ ಮುಂದೆ ನೆಮ್ಮದಿಯಾಗಿ ನಿಲ್ಲುತ್ತೇನೆಂದರೆ ಇದು. ತಂತಿಗಳನ್ನು ಇಕ್ಕಳ ಸಮೇತ ಬಚ್ಚಲಿಗೆ ಸುರಿದಳು. ಮಗಳು ಒಂದೊಂದಾಗಿ ಹೆಕ್ಕಿ, ಒರೆಸಿ, ಹಿಂದಿನ ಕೋಣೆಗೆ ಒಯ್ದಳು. ಆ ದಿನ ಆ ಮನೆಯ ಟೀ ಕಬ್ಬಿಣ ನಾರುತ್ತಿತ್ತು. ಅಪ್ಪ ಎರಡು ಲೋಟ ಕುಡಿದ. ಅವನು ತಗಡು ಒತ್ತುವ ಕಾರ್ಖಾನೆಯವನು, ಅವನಿಗೆ ಕಬ್ಬಿಣದ ವಾಸನೆ ವಾಸನೆಯೇ ಅಲ್ಲ.

ಅದು ಕೂಗಾಡುವ ಮನೆ. ಜಗಳವಿಲ್ಲದಿದ್ದಾಗಲೂ ಕೂಗಾಡಲೇಬೇಕು. ಒತ್ತು ಯಂತ್ರದ ಮುಂದೆ ನಿಂತು ನಿಂತು ಅಪ್ಪನ ಕಿವಿ ಅರ್ಧಕ್ಕರ್ಧ ಹೋಗಿತ್ತು. ಹಕ್ಕಿ ಕೂಗಿದ್ದು, ಕುಕ್ಕರು ಸೀಟಿ ಹೊಡೆದದ್ದು, ಹೆಂಡತಿ ಗೊಣಗಿದ್ದು ಯಾವುದೂ ಅವನಿಗೆ ಕೇಳುತ್ತಿರಲಿಲ್ಲ. ಲಾರಿ ಬಂದರೆ ಗೊತ್ತಾಗುತ್ತಿತ್ತು, ಅಷ್ಟೆ. ಉಪ್ಪು ಬೇಕೇ ಎಂದು ಕೇಳುವುದನ್ನು ಆ ಮನೆಯಲ್ಲಿ ಬೀದಿಗೆಲ್ಲ ಕೇಳುವಂತೆ ಕೇಳುತ್ತಿದ್ದರು. ಅಂಥ ಮನೆಯಲ್ಲಿ ಹುಟ್ಟಿದ ಹುಡುಗ ಹೆವಿ ಮೆಟಲ್ ಎಂಬ ಅಬ್ಬರದ ಹಾಡು ಹಾಡದೆ ಜೋಗುಳ ಹಾಡಿಯಾನೇ ಎಂದು ಅಜ್ಜಿ ಕೇಳುತ್ತಿದ್ದಳು.

ಹಿರಿಮಗ ಹಗಲು ಸ್ಕೂಟರಿನಲ್ಲಿ ಪಾರ್ಸೆಲ್ ಹಂಚುತ್ತಿದ್ದ, ಉಳಿದ ಹೊತ್ತು ‘ಕಬ್ಬಿಣದ ಕಡಲೆ’ ಎಂಬ ತಂಡದಲ್ಲಿ ಗಿಟಾರ್ ನುಡಿಸಿ ಗಂಟಲು ಹರಿದುಕೊಳ್ಳುತ್ತಿದ್ದ. ತಂಡದವರು ಅವನನ್ನು ಸಿಡಿಲು ಎನ್ನುತ್ತಿದ್ದರು. ಅಪ್ಪ ಸಿಡಿಲಪ್ಪ ಎಂದು ಕರೆದು ಚುಚ್ಚುತ್ತಿದ್ದ. ಇವನಲ್ಲದೆ ಇನ್ನಿಬ್ಬರಿದ್ದರು. ಡ್ರಮ್ ಹೊಡೆಯುವವನು ಒಬ್ಬ ಮಾಂಸದಂಗಡಿಯವನ ಮಗ. ದಪ್ಪ ತಂತಿಯ, ಕೆಳದನಿಯ ಬೇಸ್ ಗಿಟಾರಿನವನು ಉದ್ದ ಕಾಲಿನ, ಉದ್ದ ಕತ್ತಿನ ಹುಡುಗ. ಅವನಿಗೆ ಕೊಕ್ಕರೆ ಎಂದೇ ಹೆಸರು. ಕೊಕ್ಕರೆಯ ಸೋದರಮಾವನದು ಟೈರ್ ಅಂಗಡಿ. ಅಂಗಡಿಯ ಹಿಂದಿನ ಕೋಣೆಯಲ್ಲಿ ಸದ್ದು ಹೊರಗೆ ಹೋಗದಂತೆ ಹಳೆಯ ಟೈರುಗಳನ್ನು ಗೋಡೆಯುದ್ದಕ್ಕೂ ಜೋಡಿಸಿ, ಕಂಬಳಿ ಇಳಿಬಿಟ್ಟು, ಯಾರೋ ರೆಕಾರ್ಡಿಂಗಿನವನೊಬ್ಬ ಸ್ಟುಡಿಯೋ ಇಟ್ಟುಕೊಂಡಿದ್ದ. ಅಲ್ಲಿ ತಂಡದ ಮೊದಲ ಆಲ್ಬಂ ತಯಾರಾಗಬೇಕಿತ್ತು. ಹೆಸರೂ ಇಟ್ಟಾಗಿತ್ತು: ‘ತುಕ್ಕು’.

ಅಭ್ಯಾಸ ಮಾತ್ರ ಭಾನುವಾರ ಮಧ್ಯಾಹ್ನ ಇವರ ಮನೆಯ ಹಿಂದಿನ ಕೋಣೆಯಲ್ಲೇ. ಆ ಕೋಣೆಗೂ ಅಡುಗೆಮನೆಗೂ ನಡುವೆ ಒಂದೇ ಗೋಡೆ. ಗೋಡೆಯ ಈಚೆ ಸ್ಟೀಲ್ ತಟ್ಟೆಗಳ ಸ್ಟ್ಯಾಂಡು. ಆಚೆ ಹಾಡು ಶುರುವಾದರೆ ಈಚೆ ತಟ್ಟೆಗಳು ಗಲಗಲ ಅನ್ನುತ್ತಿದ್ದವು. ಅದರಲ್ಲೂ ‘ಬಾಯ್ಮುಚ್ಚು’ ಎಂಬ ಹಾಡು ಬಂತೆಂದರೆ ಸಾಲು ಸಾಲೇ ನಡುಗುತ್ತಿತ್ತು. ಆ ಹಾಡಿನ ಸಾಲು ಮಗ ಬರೆದದ್ದೇನಲ್ಲ. ಅಪ್ಪ ದಿನಾ ಹೇಳುವ ಮಾತು, ಇವನು ಅದಕ್ಕೆ ಗಿಟಾರ್ ಸೇರಿಸಿದ್ದ.

“ಊಟ ಮಾಡೋ ತಟ್ಟೆ ಕಣೋ ಅವು, ತಾಳ ಅಲ್ಲ,” ಎಂದು ಅಪ್ಪ ಗೋಡೆ ಗುದ್ದುತ್ತಿದ್ದ. “ನಾನು ದಿನಾ ಮೆಟಲ್ಲೇ ಹೊಡೀತೀನಿ. ನನಗ್ಯಾರೂ ಚಪ್ಪಾಳೆ ತಟ್ಟಲ್ಲ.”

ಅಜ್ಜಿಗೆ ಮಾತ್ರ ಅದರ ಬಗ್ಗೆ ತಕರಾರಿರಲಿಲ್ಲ. ಅಭ್ಯಾಸದ ಹೊತ್ತಿಗೆ ಅವಳು ಆ ಗೋಡೆಗೆ ಬೆನ್ನು ಕೊಟ್ಟು ಕೂರುತ್ತಿದ್ದಳು. “ಗುಂಯ್ ಅಂತ ಬೆನ್ನಿಗೆ ಬರುತ್ತೆ. ಡಾಕ್ಟ್ರ ಮುಲಾಮಿಗಿಂತ ವಾಸಿ. ಆದ್ರೆ ಆ ಕೊಕ್ಕರೆ ನುಡಿಸಿದ್ರೆ ಎಲ್ಲೋ ಒಂದು ಕಡೆ ಬರುತ್ತೆ, ಇನ್ನೊಂದು ಕಡೆ ಬರೋದೇ ಇಲ್ಲ. ನಮ್ಮ ಗುಬ್ಬಿ ನುಡಿಸಿದ್ರೆ ಸೊಂಟದಿಂದ ಕತ್ತಿನ ತನಕ ಒಂದೇ ಸಮ.”

ಗುಬ್ಬಿ ಎಂದರೆ ಮಗಳು. ಅಣ್ಣ ಗಿಟಾರಿಗೆ ಹೋದಾಗ ಬಿಟ್ಟುಕೊಟ್ಟ ಹಳೆಯ ಬೇಸನ್ನು ಹಿಡಿದು, ಉಡುಪಿನ ಕಾರ್ಖಾನೆಯಲ್ಲಿ ದಿನವಿಡೀ ಇಸ್ತ್ರಿ ತಿಕ್ಕಿ ಬಂದ ಮೇಲೆ, ಹಿಂದಿನ ಕೋಣೆಯ ಬಾಗಿಲು ಹಾಕಿಕೊಂಡು ತಂಡದ ಅಷ್ಟೂ ಹಾಡುಗಳನ್ನು ತನಗೆ ತಾನೇ ನುಡಿಸುತ್ತಿದ್ದಳು. ಅಜ್ಜಿಯ ಬೆನ್ನು ಬಿಟ್ಟರೆ ಯಾರೂ ಅದನ್ನು ಕಿವಿಗೊಟ್ಟು ಕೇಳಿರಲಿಲ್ಲ. ಕೇಳಲೆಂದು ಅವಳೂ ನುಡಿಸಿರಲಿಲ್ಲ.

ರೆಕಾರ್ಡಿಂಗ್ ಶುರುವಾದ ವಾರ ಮಗ ಉರಿದುರಿದು ಮನೆಗೆ ಬರುತ್ತಿದ್ದ. ಡ್ರಮ್ ಮುಗಿದಿತ್ತು. ಅದರ ಮೇಲೆ ಬೇಸ್ ಕೂರಿಸಬೇಕು, ಆಮೇಲೆ ಗಿಟಾರ್, ಕೊನೆಗೆ ದನಿ. ಬೇಸ್ ಕೂರುತ್ತಲೇ ಇರಲಿಲ್ಲ.

“ಮನೇಲಿ ಕೊಕ್ಕರೆ ಚೆನ್ನಾಗೇ ನುಡಿಸ್ತಾನೆ,” ಎಂದ, ಅನ್ನವನ್ನು ಕಲಸದೆ ಕೆದಕುತ್ತ. “ಕಿವಿಗೆ ಹೆಡ್‌ಫೋನ್ ಹಾಕಿ ಕೆಂಪು ದೀಪ ಹತ್ತಿಸಿದ್ರೆ ಸಾಕು, ಬೆರಳು ಕಟ್ಟಿಗೆ ಆಗುತ್ತೆ. ರೆಕಾರ್ಡಿಂಗಿನವನು ನಕ್ಕುಬಿಟ್ಟ. ಡ್ರಮ್ ಒಂದು ಬಸ್ಸಲ್ಲಿ ಹೋಯ್ತು, ನಿನ್ನ ಬೇಸ್ ಮುಂದಿನ ಬಸ್ಸಿಗೆ ಕಾಯ್ತಿದೆ ಅಂದ.”

“ನಾನು ನುಡಿಸ್ತೀನಿ,” ಎಂದಳು ಮಗಳು.

ಅಣ್ಣ ತಲೆ ಎತ್ತಿ ಅವಳನ್ನು ನೋಡಿ ನಕ್ಕ. “ನೀನು ಇಸ್ತ್ರಿ ಮಾಡು.”

“ಇಸ್ತ್ರೀನೂ ಮಾಡ್ತೀನಿ. ‘ಬಾಯ್ಮುಚ್ಚು’ ನಡುವೆ ನೀನು ಎರಡು ಸಲ ತಾಳ ಬದಲಾಯಿಸ್ತೀಯಲ್ಲ, ಅಲ್ಲಿ ಅವನು ಒಂದು ಸಲ ತಾನೇ ಬದಲಾಯಿಸೋದು? ಅದಕ್ಕೇ ಎಡವೋದು.”

ಅವನ ಕೈ ತಟ್ಟೆಯಲ್ಲೇ ನಿಂತಿತು.

“ಅವಳ ಕೈಗೆ ಕೊಟ್ಟು ನೋಡೋ,” ಎಂದಳು ಅಜ್ಜಿ. “ನನ್ನ ಬೆನ್ನು ಸಾಕ್ಷಿ.”

ಊಟ ಮುಗಿದ ಮೇಲೆ ಅಣ್ಣ ತಂಗಿ ಹಿಂದಿನ ಕೋಣೆಗೆ ಹೋದರು. ತಟ್ಟೆಗಳು ನಡುಗಿದವು. ನಿಂತವು. ಮತ್ತೆ ನಡುಗಿದವು. ಹೊರಗೆ ಬಂದಾಗ ಅಣ್ಣನ ನಗು ಹೋಗಿತ್ತು.

“ಸರಿ. ಆದ್ರೆ ಯಾರಿಗೂ ಹೇಳೋ ಹಾಗಿಲ್ಲ. ಕೊಕ್ಕರೆ ಮಾವನಿಗೆ ಗೊತ್ತಾದ್ರೆ ಕೋಣೇನೇ ಕಿತ್ಕೋತಾನೆ.”

“ಆಲ್ಬಂ ಮೇಲೆ ನನ್ನ ಹೆಸರು ಬರ್ಬೇಕು.”

“ನೋಡೋಣ.”

“ನೋಡೋಣ ಅಲ್ಲ. ಬರ್ಬೇಕು.”

“ಆಯ್ತು ಮಾರಾಯ್ತಿ. ಹಾಕಿಸ್ತೀನಿ.”

ಅಮ್ಮ ಅದನ್ನು ಕೇಳಿಸಿಕೊಂಡಳು. ಪಾತ್ರೆ ತೊಳೆಯುವವಳಿಗೆ ಮನೆಯ ಎಲ್ಲ ಮಾತೂ ಕೇಳುತ್ತದೆ.

ಮಗಳು ಕಾರ್ಖಾನೆಗೆ ರಜೆ ಹಾಕಿದಳು. ಅಪ್ಪ ಹಾರಾಡಿದ. “ಇರೋ ಕೆಲಸ ಬಿಟ್ಟು ತಂತಿ ಕೀಳೋಕೆ ಹೋಗ್ತಾಳಂತೆ. ಒಬ್ಬ ಹುಚ್ಚ ಸಾಕಾಗಿತ್ತು ಮನೆಗೆ.” ಅಮ್ಮನಿಗೆ ಸಿಟ್ಟಿದ್ದದ್ದು ಬೇರೆ ಕಾರಣಕ್ಕೆ. ಬಟ್ಟೆ ಒಗೆಯುವುದು, ನೀರು ಹಿಡಿಯುವುದು, ಅಜ್ಜಿಗೆ ತಲೆ ಬಾಚುವುದು, ಸಂಜೆಯ ಪಾತ್ರೆ – ಇವೆಲ್ಲ ಮಗಳ ಪಾಲಿನ ಕೆಲಸಗಳು. ಈಗ ಅವು ಅಮ್ಮನ ತಲೆಗೇ ಬಂದವು.

“ನೀನಾದ್ರೂ ಒಂದು ಕೈ ಹಾಕೋ,” ಎಂದು ಮಗನಿಗೆ ಹೇಳಿದಳು.

“ನನಗೆ ರೆಕಾರ್ಡಿಂಗ್ ಇದೆಯಮ್ಮ.”

“ಅವಳಿಗೂ ಇದೆಯಲ್ಲೋ.”

“ಅದು ಬೇರೆ.”

“ಹೇಗೆ ಬೇರೆ?”

ಅವನು ಸ್ಕೂಟರ್ ಹತ್ತಿದ್ದ. ಹೇಗೆ ಬೇರೆ ಎಂಬುದಕ್ಕೆ ಉತ್ತರ ಸ್ಕೂಟರಿನ ಹೊಗೆಯಲ್ಲಿ ಹೋಯಿತು.

ಟೈರ್ ಕೋಣೆಯಲ್ಲಿ ರಬ್ಬರಿನ ವಾಸನೆ ಕಣ್ಣು ಉರಿಸುವಷ್ಟಿತ್ತು. ಫ್ಯಾನ್ ಹಾಕಿದರೆ ಮೈಕಿಗೆ ಕೇಳುತ್ತದೆಂದು ಫ್ಯಾನೂ ಇಲ್ಲ. ರೆಕಾರ್ಡಿಂಗಿನವನು ಮೊದಲ ದಿನ ಅವಳನ್ನು ಟೀ ತಂದವಳೆಂದು ತಿಳಿದ. ಎರಡನೆಯ ಹಾಡಿನ ಹೊತ್ತಿಗೆ ಕುರ್ಚಿ ಎಳೆದುಕೊಂಡು ಮುಂದೆ ಬಂದು ಕೂತ. ಅವನು ಹೊಗಳುವ ಜಾತಿಯವನಲ್ಲ. “ಇನ್ನೊಂದ್ಸಲ” ಎನ್ನುತ್ತಿದ್ದ, ಚೆನ್ನಾಗಿ ಬಂದರೆ “ಮುಂದಿಂದು” ಎನ್ನುತ್ತಿದ್ದ. ‘ಬಾಯ್ಮುಚ್ಚು’ ಮುಗಿದಾಗ ಹೆಡ್‌ಫೋನ್ ತೆಗೆದು ಅಣ್ಣನ ಕಡೆ ತಿರುಗಿದ.

“ನಿನ್ನ ಗಿಟಾರ್ ಆಮೇಲೆ ಬರ್ಲಿ, ಬರದೇ ಇರ್ಲಿ, ಈ ಆಲ್ಬಂ ನಿಂತಾಯ್ತು. ಬೆನ್ನುಮೂಳೆ ಇವಳು.”

ಅಣ್ಣ ಗಿಟಾರಿನ ಕಿವಿ ತಿರುವುತ್ತ ಕೂತಿದ್ದ. “ಹ್ಞೂಂ,” ಎಂದ. ಒಂದು ತಂತಿ ಜಾಸ್ತಿ ಬಿಗಿಯಾಗಿ ಟಪ್ಪೆಂದು ಹರಿಯಿತು.

ಮಗಳ ಬೆರಳ ತುದಿಗಳಲ್ಲಿ ಬೊಬ್ಬೆ ಎದ್ದು, ಒಡೆದು, ಮತ್ತೆ ಎದ್ದವು. ಊಟಕ್ಕೆ ಕೂತರೆ ಖಾರ ತಾಕಿ ಚುರುಗುಟ್ಟುತ್ತಿತ್ತು. ಅಮ್ಮ ಬೈಯುತ್ತಲೇ ಚಮಚ ತಂದುಕೊಟ್ಟಳು, ಬೈಯುತ್ತಲೇ ಎಣ್ಣೆ ಹಚ್ಚಿದಳು, ಬೈಯುತ್ತಲೇ ಅವಳ ಪಾಲಿನ ಪಾತ್ರೆ ತೊಳೆದಳು. ಹಾಲಿನ ಪಾತ್ರೆಯ ವಿಷಯ ಮತ್ತೆ ಎತ್ತಲಿಲ್ಲ. ಅಂಗಡಿಗೆ ಹೋದಾಗ ಹಾಲಿಗೆ ಬೇರೆ ಪಾತ್ರೆ ತಂದು, ಹಳೆಯದನ್ನು ಒಲೆಯ ಕೆಳಗೆ ಪಕ್ಕಕ್ಕಿಟ್ಟಳು. ಇದು ಯಾತಕ್ಕೆ ಎಂದು ಅಜ್ಜಿ ಕೇಳಿದರೆ, “ಹಾವು ಬೇಯಿಸೋಕೆ,” ಎಂದಳು.

ಆಲ್ಬಂನ ಹೊದಿಕೆ ಅಚ್ಚಾಗುವ ಮುಂಚೆ ಮಾದರಿ ಹಾಳೆ ಮನೆಗೆ ಬಂತು. ತುಕ್ಕು ಹಿಡಿದ ಬಾಗಿಲಿನ ಚಿತ್ರ, ಹಿಂಬದಿಯಲ್ಲಿ ಹೆಸರುಗಳು. ಮಗಳು ಊಟದ ಮೇಜಿನ ಹತ್ತಿರ ನಿಂತು ಓದಿದಳು. ಗಿಟಾರ್, ದನಿ: ಅಣ್ಣ. ಡ್ರಮ್: ಮಾಂಸದಂಗಡಿಯವನು. ಬೇಸ್: ಕೊಕ್ಕರೆ. ಇವಳ ಹೆಸರು ಎಲ್ಲೂ ಇರಲಿಲ್ಲ. ತಿರುಗಿಸಿ ನೋಡಿದಳು. ಬಾಗಿಲ ಚಿತ್ರವೇ ಇತ್ತು.

“ನಾನೆಲ್ಲಿ?”

“ಊಟ ಹಾಕಮ್ಮ,” ಎಂದ ಅಣ್ಣ.

“ನಾನೆಲ್ಲಿ ಅಂತ ಕೇಳ್ದೆ.”

“ಹೇಳಿದ್ನಲ್ಲ, ಕೊಕ್ಕರೆ ಮಾವ…”

“ಹೆಸರು ಹಾಕಿಸ್ತೀನಿ ಅಂದಿದ್ದೆ.”

“ಪರಿಸ್ಥಿತಿ ಅರ್ಥ ಮಾಡ್ಕೊಳೇ. ಅವನ ಕೋಣೆ, ಅವನ ಹೆಸರು. ಲೋಕ ನಡೆಯೋದೇ ಹಾಗೆ.”

“ನನ್ನ ಬೆರಳು ನೋಡು. ಲೋಕದ್ದಾ ಇದು?”

“ಏನಂತೆ?” ಎಂದ ಅಪ್ಪ. “ಏನಂತೆ ಅಂದ್ರೆ ಒಬ್ಬರೂ ಬಾಯಿ ಬಿಡಲ್ಲ. ಬಿಟ್ರೆ ಎಲ್ಲರೂ ಒಟ್ಟಿಗೇ ಬಿಡ್ತೀರ. ಬಾಯ್ಮುಚ್ಚು ಎಲ್ಲರೂ.”

ಅಷ್ಟರಲ್ಲಿ ಬಾಗಿಲಲ್ಲಿ ಕೊಕ್ಕರೆಯೇ ನಿಂತಿದ್ದ. ಅವನ ಕೈಯಲ್ಲೂ ಅದೇ ಹಾಳೆ. ಬಾಗಿಲ ಚೌಕಟ್ಟಿಗೆ ತಲೆ ತಾಗದಂತೆ ಬಗ್ಗಿ ಒಳಗೆ ಬಂದ.

“ಸಿಡಿಲು, ಇದೇನೋ ಇದು? ನನ್ನ ಹೆಸರು ತೆಗಿ. ಮಾವನಿಗೆ ತೋರಿಸ್ದೆ, ಅವನು ಬಿದ್ದು ಬಿದ್ದು ನಗ್ತಾನೆ. ನೀನು ಯಾವಾಗ ನುಡಿಸ್ದೆ, ನೀನು ಕೋಣೆ ಹೊರಗೆ ಕೂತು ಕಡ್ಲೆಕಾಯಿ ತಿಂತಿದ್ದಲ್ಲ ಅಂತ. ನಾಳೆ ನಂಟರು ಬಂದು ಭಾರಿ ನುಡಿಸಿದೀಯ ಅಂದ್ರೆ ನಾನೇನಪ್ಪ ಹೇಳ್ಲಿ?”

“ಮಾವನಿಗೆ ಗೊತ್ತಾ?” ಎಂದಳು ಮಗಳು.

“ಮೊದಲ್ನೇ ದಿನವೇ ಗೊತ್ತು. ಟೈರ್ ಎತ್ತಿಡೋಕೆ ಬಂದಾಗೆಲ್ಲ ನೋಡಿದ್ದಾನೆ ನಿನ್ನ. ಯಾಕೆ, ಇವನು ಹೇಳ್ಲಿಲ್ವಾ?”

ಅಮ್ಮ ಸೌಟನ್ನು ಪಾತ್ರೆಯ ಅಂಚಿಗೆ ಕುಟ್ಟಿದಳು. ಕೊಕ್ಕರೆ ಸುತ್ತಲೂ ನೋಡಿ, ತಾನು ಏನೋ ಹೇಳಬಾರದ್ದು ಹೇಳಿದೆ ಎಂದು ತಿಳಿದು, ಊಟ ಬೇಡವೆಂದು ಹೊರಟುಹೋದ.

“ಹಾಕಿಸ್ತೀನಿ ಬಿಡು,” ಎಂದ ಅಣ್ಣ, ಹಾಳೆಯನ್ನು ಮಡಚುತ್ತ. “ಒಂದು ಹೆಸರಿಗೆ ಇಷ್ಟು ರಂಪ. ಹೆಸರು ತಾನೇ ಬೇಕಾಗಿರೋದು? ಹಾಕಿಸ್ತೀನಿ.”

ಮುಂದಿನ ವಾರ ಹೊಸ ಹಾಳೆ ಬಂತು. ಬೇಸ್ ಎಂಬಲ್ಲಿ ಅವಳ ಹೆಸರಿತ್ತು, ಪೂರ್ತಿ, ತಪ್ಪಿಲ್ಲದೆ. ಅವಳು ಅದನ್ನು ತನ್ನ ಹಾಸಿಗೆಯ ಮೇಲಿನ ಗೋಡೆಗೆ ಅಂಟಿಸಿದಳು. ಅಣ್ಣನ ಜೊತೆ ಮಾತು ಶುರುಮಾಡಿದಳು. ಅವನ ಅಂಗಿಗಳಿಗೂ ಇಸ್ತ್ರಿ ಹಾಕಿದಳು. ಅಮ್ಮನಿಗೆ ಮಾತ್ರ ಮಗ ಅಷ್ಟು ಸುಲಭವಾಗಿ ಸೋತದ್ದು ಸರಿಕಾಣಲಿಲ್ಲ. “ಬೆಕ್ಕು ಕಣ್ಮುಚ್ಚಿದೆ ಅಂದ್ರೆ ಹಾಲು ಎಲ್ಲೋ ಇದೆ ಅಂತ,” ಎಂದು ಅತ್ತೆಯ ಹತ್ತಿರ ಹೇಳಿದಳು.

ಅಣ್ಣ ಆ ವಾರವೆಲ್ಲ ಟೈರ್ ಕೋಣೆಯಲ್ಲೇ ಇದ್ದ. ಎಲ್ಲರ ವಾದ್ಯಗಳನ್ನೂ ಬೆರೆಸಿ, ಯಾವುದು ಎಷ್ಟು ಕೇಳಬೇಕೆಂದು ತೂಗಿ ಕೂರಿಸುವ ಕೆಲಸ, ಮಿಕ್ಸ್ ಎನ್ನುತ್ತಾರೆ. ಅದು ಮುಗಿದ ದಿನ ಹಾಡುಗಳನ್ನು ಫೋನಿನಲ್ಲಿ ಹಾಕಿ ತಂಗಿಗೆ ಕೇಳಿಸಿದ. ಗಿಟಾರ್ ಗರಗಸದಂತೆ ಕೊಯ್ಯುತ್ತಿತ್ತು. ಅವನ ಕಿರುಚಾಟ ಅದರ ಮೇಲೆ.

“ಬೇಸ್ ಕೇಳ್ತಿಲ್ಲ,” ಎಂದಳು.

“ಫೋನಲ್ಲಿ ಬೇಸ್ ಎಲ್ಲಿ ಬರುತ್ತೆ? ಬೆರಳುಗಾತ್ರದ ಸ್ಪೀಕರ್ರು. ದೊಡ್ಡ ಪೆಟ್ಟಿಗೇಲಿ ಕೇಳು.”

ಅದು ನಿಜವೂ ಹೌದು. ಅವಳು ನಂಬಿದಳು.

ಭಾನುವಾರ ಎಲ್ಲರಿಗೂ ಕೇಳಿಸುವುದೆಂದು ಗೊತ್ತಾಯಿತು. ಆಲ್ಬಂ ಇನ್ನೂ ಹೊರಗೆ ಹೋಗಿರಲಿಲ್ಲ, ಮರುದಿನ ಕಳಿಸಬೇಕಿತ್ತು. ಕೊಕ್ಕರೆ, ಮಾಂಸದಂಗಡಿಯವನು ಇಬ್ಬರೂ ಬಂದರು. ಅಭ್ಯಾಸಕ್ಕೆ ಬಳಸುವ ಆಳೆತ್ತರದ ಸ್ಪೀಕರ್ ಪೆಟ್ಟಿಗೆಯನ್ನು ಹಿಂದಿನ ಕೋಣೆಯಲ್ಲಿ ಅದೇ ಗೋಡೆಗೆ ಆನಿಸಿದರು. ಅಮ್ಮ ಮೊಟ್ಟೆ ಬೇಯಿಸಿ, ಬೇಳೆ ಒಗ್ಗರಿಸಿ, ತಟ್ಟೆ ಜೋಡಿಸಿದಳು. ಉಳಿದ ತಟ್ಟೆಗಳು ಸ್ಟ್ಯಾಂಡಿನಲ್ಲೇ ಇದ್ದವು. ಅಜ್ಜಿ ತನ್ನ ಜಾಗದಲ್ಲಿ ಬೆನ್ನು ಕೊಟ್ಟು ಕೂತಳು. ಅಪ್ಪ ಹಸಿದಿದ್ದ, ಆದ್ದರಿಂದ ಬೇಡವೆನ್ನಲಿಲ್ಲ.

ಹಾಡುಗಳು ಒಂದಾದ ಮೇಲೊಂದು ಬಂದವು. ಪಕ್ಕದ ಮನೆಯವರು ಕಿಟಕಿ ಮುಚ್ಚಿಕೊಂಡರು. ‘ಬಾಯ್ಮುಚ್ಚು’ ಬಂತು, ಹೋಯಿತು. ಕೊನೆಯ ಹಾಡು ಮುಗಿದಾಗ ಅಣ್ಣ ಒಳಗೆ ಬಂದು ಎಲ್ಲರ ಮುಖ ನೋಡಿದ.

ಅಪ್ಪ ಮೊಟ್ಟೆ ನುಂಗಿ ನೀರು ಕುಡಿದು ತಲೆಯಾಡಿಸಿದ. ಆ ಮನೆಯಲ್ಲಿ ಅವನು ಆ ಸಂಗೀತದ ಬಗ್ಗೆ ಆಡಿದ ಮೊದಲ ಒಳ್ಳೆಯ ಮಾತು ಇದು:

“ಪರವಾಗಿಲ್ಲ ಕಣೋ. ಈ ಸಲ ಚೆನ್ನಾಗಿ ಬಂದಿದೆ. ತಟ್ಟೆ ಒಂದೂ ಅಲುಗಾಡ್ಲಿಲ್ಲ.”

ಅಣ್ಣ ನಕ್ಕ. ಆ ನಗು ಅರ್ಧಕ್ಕೇ ನಿಂತಿತು, ಏಕೆಂದರೆ ತಂಗಿ ತಟ್ಟೆ ಸ್ಟ್ಯಾಂಡಿನ ಕಡೆ ನೋಡುತ್ತಿದ್ದಳು.

“ನನ್ನ ಬೆನ್ನಿಗೂ ಏನೂ ಬರ್ಲಿಲ್ಲ,” ಎಂದಳು ಅಜ್ಜಿ, ಎದ್ದು ಸೊಂಟ ಹಿಡಿದುಕೊಂಡು. “ಪೆಟ್ಟಿಗೆ ಕೆಟ್ಟಿದೆಯೇನೋ ನೋಡ್ರೋ.”

ಮಗಳು ಊಟದಿಂದ ಎದ್ದಳು. ಕೈ ತೊಳೆಯಲಿಲ್ಲ, ಲಂಗಕ್ಕೆ ಒರೆಸಿಕೊಂಡು ಹಿಂದಿನ ಕೋಣೆಗೆ ಹೋಗಿ ಹಳೆಯ ಬೇಸನ್ನು ಅದೇ ಪೆಟ್ಟಿಗೆಗೆ ಚುಚ್ಚಿದಳು. “ನಾಲ್ಕನೇದು ಹಾಕು,” ಎಂದು ಕೊಕ್ಕರೆಗೆ ಹೇಳಿದಳು. ಕೊಕ್ಕರೆ ಅಣ್ಣನ ಮುಖ ನೋಡದೆ ಹಾಕಿದ. ಪೆಟ್ಟಿಗೆಯಿಂದ ‘ಬಾಯ್ಮುಚ್ಚು’ ಬಂತು. ಅವಳು ಅದರ ಜೊತೆಗೆ, ಟೈರ್ ಕೋಣೆಯಲ್ಲಿ ನುಡಿಸಿದ್ದನ್ನೇ ನುಡಿಸಿದಳು. ಮೊದಲ ಕೆಳದನಿಗೆ ತಟ್ಟೆಗಳು ಗಲಗಲ ಎಂದವು. ಎರಡನೆಯದಕ್ಕೆ ಸ್ಟ್ಯಾಂಡಿನ ಮೊಳೆ ಅಲುಗಿತು. ಅಪ್ಪನ ನೀರಿನ ಲೋಟ ಮೇಜಿನ ಮೇಲೆ ತಾನಾಗಿ ಸರಿಯಿತು. ಅವಳು ನಿಲ್ಲಿಸಿದಳು. ಹಾಡು ಮುಂದುವರಿಯಿತು. ತಟ್ಟೆಗಳು ಸುಮ್ಮನಾದವು.

“ತೆಗೆದುಬಿಟ್ಟಿದ್ದೀಯ,” ಎಂದಳು, ಬಾಗಿಲಿಗೆ ಬಂದು ಅಣ್ಣನಿಗೆ.

“ತೆಗೆದಿಲ್ಲ. ಇದೆ. ಕಡಿಮೆ ಮಾಡಿದೆ. ಮಿಕ್ಸ್ ಅಂದ್ರೆ ಹಾಗೇ. ಮೆಟಲ್‌ನಲ್ಲಿ ಬೇಸ್ ಯಾರು ಕೇಳ್ತಾರೆ?”

“ಎಷ್ಟು ಕಡಿಮೆ?”

“ನಿನಗೆ ಅರ್ಥ ಆಗಲ್ಲ.”

“ರೆಕಾರ್ಡಿಂಗಿನವನು ಬೇಡ ಅಂದ,” ಎಂದ ಮಾಂಸದಂಗಡಿಯವನು, ಮೊದಲ ಸಲ ಬಾಯಿ ಬಿಟ್ಟು. “ಇಷ್ಟು ಇಳಿಸಬೇಡ, ಹಾಡು ಬಿದ್ದೋಗುತ್ತೆ ಅಂದ. ಇವನೇ ಇಳಿಸ್ದ. ನಾನಲ್ಲೇ ಇದ್ದೆ.”

“ನೀನು ಸುಮ್ನಿರೋ.”

“ಹೆಸರು ಕೊಟ್ಟೆ,” ಎಂದಳು ತಂಗಿ. ಅವಳು ದನಿ ಎತ್ತರಿಸಲೇ ಇಲ್ಲ, ಆ ಮನೆಯಲ್ಲಿ ಅದು ಯಾರಿಗೂ ಅಭ್ಯಾಸವಿರಲಿಲ್ಲ. “ಹೆಸರು ತಾನೇ ಬೇಕಾಗಿರೋದು ಅಂದೆ. ಹೆಸರು ಕೊಟ್ಟು ಕೈ ಕತ್ತರಿಸಿದೆ. ಇನ್ನು ಕೇಳಿದೋರೆಲ್ಲ ಏನಂತಾರೆ? ಇವಳ ಹೆಸರಿದೆ, ಇವಳು ಎಲ್ಲೂ ಇಲ್ಲ, ಅಣ್ಣ ಪಾಪ ತಂಗಿ ಅಂತ ಹಾಕ್ಕೊಂಡಿದ್ದಾನೆ ಅಂತಾರೆ. ಇದಕ್ಕಿಂತ ಕೊಕ್ಕರೆ ಹೆಸರೇ ಇರ್ಲಿ ಅಂತ ಬಿಟ್ಟಿದ್ರೆ ಚೆನ್ನಾಗಿತ್ತು.”

“ಎಲ್ಲರೂ ಬೇಸ್ ಬೇಸ್ ಅಂದ್ರೆ ನಾನ್ಯಾಕೆ ಇರೋದು?” ಅಣ್ಣ ಈಗ ಕಿರುಚಿದ. “ನನ್ನ ತಂಡ. ನನ್ನ ಹಾಡು. ಬೆನ್ನುಮೂಳೆ ಅಂತೆ. ವರ್ಷಗಟ್ಟಲೆ ಗಂಟಲು ಹರಿದುಕೊಂಡಿದ್ದು ನಾನು, ಎರಡು ವಾರ ಬಂದು ನಿಂತವಳು ಬೆನ್ನುಮೂಳೆನಾ?”

“ಏನಂತಾನೆ?” ಎಂದ ಅಪ್ಪ. ಅವನು ಸರಿದ ಲೋಟವನ್ನೇ ನೋಡುತ್ತಿದ್ದ. “ಆ ಗುಂಯ್ ಅನ್ನೋದು ಎಲ್ಲಿಂದ ಬಂತು ಈಗ?”

ಅಮ್ಮ ಅವನ ಕಿವಿಯ ಹತ್ತಿರ ಬಗ್ಗಿ ಕೂಗಿ ಹೇಳಿದಳು. “ಅದು ನಿಮ್ಮ ಮಗಳು. ಬೇಸ್ ಅಂದ್ರೆ ಅದು. ಇವನು ಆಲ್ಬಂನಲ್ಲಿ ಅದನ್ನ ಕೇಳದ ಹಾಗೆ ಅಡಗಿಸಿದ್ದಾನೆ.”

“ಅದು ಇವಳಾ? ನಾನು ಡ್ರಮ್ ಅಂದ್ಕೊಂಡಿದ್ದೆ.” ಅಪ್ಪ ಬಹಳ ಹೊತ್ತು ಮಗಳನ್ನು ನೋಡಿದ. ಆಮೇಲೆ ಮಗನ ಕಡೆ ತಿರುಗಿದಾಗ ಅವನ ಕತ್ತಿನ ನರಗಳು ಎದ್ದಿದ್ದವು. “ಲೋ ಸಿಡಿಲಪ್ಪ. ನೀನು ಹಾಡಲ್ಲಿ ಕಿರುಚೋದು ನನಗೆ ಕೇಳಲ್ಲ. ಯಾವತ್ತೂ ಕೇಳಿಲ್ಲ. ನೀನು ಬಾಯಿ ತೆಗೆಯೋದು ಕಾಣುತ್ತೆ, ಮೀನು ಬಾಯಿ ತೆಗೆದ ಹಾಗೆ. ಆ ಗಿಟಾರ್ರೂ ಕೇಳಲ್ಲ. ನಿಮ್ಮದೆಲ್ಲದರಲ್ಲಿ ನನ್ನ ಕಿವಿಗೆ ಬರ್ತಿದ್ದದ್ದು ಆ ಗುಂಯ್ ಅನ್ನೋದೊಂದೇ. ಅದನ್ನ ಬೈತಿದ್ದೆ, ಹೌದು. ಬಯ್ಯೋಕಾದ್ರೂ ಅದೊಂದು ಇತ್ತು. ಅದನ್ನೂ ತೆಗೆದುಬಿಟ್ಯಾ?”

ಮಗ ಏನೋ ಹೇಳಲು ಬಾಯಿ ತೆರೆದ. ಅಪ್ಪ ಮುಖ ತಿರುಗಿಸಿಕೊಂಡ.

ಅಮ್ಮ ಮೇಜಿನ ಮೇಲಿದ್ದ ಮಗನ ತಟ್ಟೆಯನ್ನು, ಬಡಿಸಿದ್ದು ಬಡಿಸಿದ ಹಾಗೇ, ಎತ್ತಿದಳು. ಅದರಲ್ಲಿದ್ದದ್ದನ್ನು ಕೊಕ್ಕರೆಯ ತಟ್ಟೆಗೆ ಸುರಿದಳು. ಬರಿದಾದ ತಟ್ಟೆಯನ್ನು ತೊಳೆದು ಸ್ಟ್ಯಾಂಡಿನಲ್ಲಿ ಸಿಕ್ಕಿಸಿದಳು.

“ಇದು ಅಲ್ಲಿ ನಿಂತು ನಡುಗೋ ತನಕ ಇದರಲ್ಲಿ ನಿನಗೆ ಊಟ ಇಲ್ಲ.”

“ಅಮ್ಮ, ನಾಳೆ ಕಳಿಸಬೇಕು. ಎಲ್ಲ ಆಗಿದೆ.”

“ಆಗಿಲ್ಲ.”

ಸೋಮವಾರ ಆಲ್ಬಂ ಹೋಗಲಿಲ್ಲ. ಡ್ರಮ್ಮಿನವನೂ ಕೊಕ್ಕರೆಯೂ ಒಪ್ಪಲಿಲ್ಲವೆಂದು ಆಮೇಲೆ ತಿಳಿಯಿತು. ಮಗ ಆ ವಾರವೆಲ್ಲ ಹೊರಗೆ ತಿಂದ. ರಸ್ತೆಬದಿಯ ಗಾಡಿಯಲ್ಲಿ ಬ್ರೆಡ್ಡು ಮೊಟ್ಟೆ ತಿಂದು ಬಂದು, ಅಡುಗೆಮನೆಯ ಮುಂದೆ ಹಾದುಹೋಗುವಾಗ ಜೋರಾಗಿ ತೇಗುತ್ತಿದ್ದ. ಅಮ್ಮ ತಿರುಗಿಯೂ ನೋಡಲಿಲ್ಲ. ಅವನ ಬಟ್ಟೆ ಬುಟ್ಟಿಯಲ್ಲೇ ರಾಶಿಯಾಯಿತು. ಮಗಳು ಕೆಲಸಕ್ಕೆ ವಾಪಸ್ಸು ಹೋದಳು. ಗೋಡೆಗೆ ಅಂಟಿಸಿದ್ದ ಹಾಳೆಯನ್ನು ಕಿತ್ತು ಮಡಚಿ ಅಣ್ಣನ ಚಪ್ಪಲಿಯ ಮೇಲೆ ಇಟ್ಟಿದ್ದಳು. ಸಂಜೆ ಬಂದು ಬೇಸ್ ಹಿಡಿಯಲಿಲ್ಲ. ಊಟದ ಹೊತ್ತಿಗೆ ಅಪ್ಪ ತಟ್ಟೆಗಳ ಕಡೆ ನೋಡುತ್ತಿದ್ದ. ಒಂದು ದಿನ, “ಇವತ್ತೂ ಇಲ್ವೇನೇ?” ಎಂದು ಕೇಳಿದ. ಅವಳು ಇಲ್ಲವೆಂದು ತಲೆಯಾಡಿಸಿದಳು. ಅಜ್ಜಿ ಮತ್ತೆ ಮುಲಾಮು ಹಚ್ಚತೊಡಗಿ, ಅದರ ಘಾಟಿಗೆ ಮೊಮ್ಮಗನ ಹೆಸರು ಹಿಡಿದು ಬೈಯುತ್ತಿದ್ದಳು.

ಮುಂದಿನ ಭಾನುವಾರ ಊಟದ ಹೊತ್ತಿಗೆ ಮಗ ಕೊಕ್ಕರೆಯ ಜೊತೆ ಬಂದ. ಹಿಂದಿನ ಕೋಣೆಗೆ ಹೋದ. ಪೆಟ್ಟಿಗೆ ಶುರುವಾಯಿತು, ನೇರವಾಗಿ ನಾಲ್ಕನೆಯ ಹಾಡೇ. ಸ್ಟ್ಯಾಂಡಿನಲ್ಲಿ ಎಲ್ಲಕ್ಕಿಂತ ಕೊನೆಯಲ್ಲಿ ನಿಂತಿದ್ದ ಅವನ ತಟ್ಟೆ ಮೊದಲು ಝಣ್ ಎಂದಿತು, ಆಮೇಲೆ ಉಳಿದವು. ಮಗಳು ಬೆರಳಾಡಿಸದೆ ಕೂತಿದ್ದಳು, ಅವಳ ಬೆರಳುಗಳು ಗೋಡೆಯ ಆಚೆಯಿಂದ ಕೇಳುತ್ತಿದ್ದವು. ಅಪ್ಪ ಅಂಗೈಯನ್ನು ಮೇಜಿನ ಮೇಲೆ ಚಪ್ಪಟೆಯಾಗಿ ಇಟ್ಟು, ಹಾಡು ಮುಗಿಯುವ ತನಕ ತೆಗೆಯಲಿಲ್ಲ.

ಅಮ್ಮ ಮಾತಿಗೆ ತಪ್ಪುವವಳಲ್ಲ. ತಟ್ಟೆ ತೆಗೆದು ಮೇಜಿನ ಮೇಲಿಟ್ಟು ಬಡಿಸಿದಳು. ಮಗ ಬಂದು ಕೂತ. ಹಸಿವಾಗಿತ್ತು ಅವನಿಗೆ, ಮುಖ ನೋಡಿದರೆ ಗೊತ್ತಾಗುತ್ತಿತ್ತು. ಮೊದಲ ತುತ್ತು ಕಲಸುತ್ತ ತಂಗಿಗೆ ಹೇಳಿದ:

“ಆಯ್ತಲ್ಲ? ಇನ್ನಾದ್ರೂ ಮುಖ ಸಡಿಲ ಮಾಡು.”

“ಏನಾಯ್ತು?”

“ತಟ್ಟೆ ಅಲುಗಾಡ್ತಲ್ಲ.”

“ತಟ್ಟೆ ಅಲುಗಾಡ್ತು,” ಎಂದಳು ಅವಳು. “ನೀನು ಅಲುಗಾಡ್ಲಿಲ್ಲ.”

ಅವನು ತುತ್ತನ್ನು ತಟ್ಟೆಗೆ ಬಿಟ್ಟ. ಸುತ್ತಲೂ ನೋಡಿದ. ಕೊಕ್ಕರೆ ಚಾವಣಿ ನೋಡುತ್ತಿದ್ದ. ಅಮ್ಮ ಸೌಟು ಹಿಡಿದು ನಿಂತಿದ್ದಳು, ಮುಂದಕ್ಕೂ ಬಡಿಸದೆ, ಹಿಂದಕ್ಕೂ ಹೋಗದೆ.

“ತಪ್ಪಾಯ್ತು,” ಎಂದು ಗೊಣಗಿದ, ಅನ್ನಕ್ಕೆ ಹೇಳಿದ ಹಾಗೆ.

“ಏನಂತಾನೆ?” ಎಂದ ಅಪ್ಪ.

“ಏನೋ ಅಂದ,” ಎಂದಳು ಅಮ್ಮ. “ನಿಮಗೆ ಕೇಳೋ ಹಾಗೆ ಅನ್ನಲಿಲ್ಲ.”

“ತಪ್ಪಾಯ್ತು ಅಂದೆ.”

“ಜೋರಾಗಿ ಹೇಳೋ. ಬಾಯಿ ಅಲ್ಲಾಡೋದು ಕಾಣ್ತಿದೆ, ಅಷ್ಟೇ.” ಅಪ್ಪ ಕಿವಿಗೆ ಕೈ ಅಡ್ಡ ಹಿಡಿದ. ಅವನು ತಮಾಷೆ ಮಾಡುತ್ತಿರಲಿಲ್ಲ.

“ಏನು ತಪ್ಪಾಯ್ತು, ಅದನ್ನೂ ಸೇರಿಸಿ ಹೇಳು,” ಎಂದಳು ತಂಗಿ. “ಅಪ್ಪಂಗೆ ಗೊತ್ತಾಗ್ಲಿ.”

ಆಗ ಅವನು ಎದ್ದು ನಿಂತ. ಕಿವಿಯ ತುದಿಯವರೆಗೂ ಕೆಂಪಾಗಿದ್ದ. ಆಲ್ಬಂನಲ್ಲಿ ಅಪ್ಪನ ಬೈಗುಳ ಕಿರುಚಿದ ಅದೇ ಗಂಟಲಿನಿಂದ, ಅಷ್ಟೇ ಸಿಟ್ಟಿನಿಂದ ಕಿರುಚಿದ:

“ಇವಳು ನನಗಿಂತ ಚೆನ್ನಾಗಿ ನುಡಿಸಿದ್ಲು, ಹೊಟ್ಟೆ ಉರೀತು, ಬೇಕೂ ಅಂತಲೇ ಇಳಿಸ್ದೆ. ತಪ್ಪಾಯ್ತು.”

ಪಕ್ಕದ ಮನೆಯ ಕಿಟಕಿ ತೆರೆಯಿತು. ಎದುರು ಮನೆಯ ಮಹಡಿಯಿಂದ ಯಾರೋ ಬಗ್ಗಿ ನೋಡಿದರು.

“ಹ್ಞಾಂ,” ಎಂದ ಅಪ್ಪ. “ಈಗ ಕೇಳ್ತು.” ಮತ್ತೆ ಊಟ ಶುರುಮಾಡಿದ.

ಮಗಳು ನಗಲಿಲ್ಲ. ಅಣ್ಣ ಕೂತು ತಟ್ಟೆ ಎಳೆದುಕೊಳ್ಳುವ ತನಕ ಅವನನ್ನೇ ನೋಡಿದಳು. ತನ್ನ ಊಟ ಮುಗಿಸಿ ಎದ್ದು, ಎಂಜಲು ತಟ್ಟೆಯನ್ನು ಬಚ್ಚಲಿಗೆ ಒಯ್ಯದೆ ಅವನ ತಟ್ಟೆಯ ಪಕ್ಕದಲ್ಲೇ ಇಟ್ಟಳು. ಅಪ್ಪನದನ್ನೂ ತಂದು ಅದರ ಮೇಲಿಟ್ಟಳು. ಅಜ್ಜಿಯದು, ಅಮ್ಮನದು, ಕೊಕ್ಕರೆಯದು.

“ನಿಧಾನಕ್ಕೆ ತಿನ್ನು,” ಎಂದಳು. “ಇವತ್ತು ಪಾತ್ರೆ ನಿಂದು.”

ಒಲೆಯ ಕೆಳಗಿನ ಹಳೆಯ ಹಾಲಿನ ಪಾತ್ರೆ ತೆಗೆದು, ನೀರು ತುಂಬಿ, ಬೇಸಿನ ತಂತಿ ಬಿಚ್ಚಲು ಹಿಂದಿನ ಕೋಣೆಗೆ ಹೋದಳು.